ಆರಕ್ಕೇರಿ, ಮೂರಕ್ಕಿಳಿದು

ಪಣಕಹಳ್ಳಿಯಲ್ಲಿ ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದೆ. ಹೊಲದಿಂದ ಬಂದ ಮನೆಯ ಹಿರಿಯರು ತಲೆಯ ಟವೆಲು ಬಿಚ್ಚಿ ಕೊಡವಿ, ಪಕ್ಕಕ್ಕೆ ಬಂದು ಕೂತರು. 'ಬೇಸಾಯ ಹೇಗೆ ಯಜಮಾನ್ರೇ?' ಎಂದೆ.

'ಏನ್ ಹೇಳದು ಮೇಷ್ಟ್ರೆ? ಆರಕ್ಕೇರ್ನಿಲ್ಲ, ಮೂರಕ್ಕಿಳೀನಿಲ್ಲ. ಹಂಗೇ ನಡೀತಾ ಅದ' ಎಂದರು.

ತಾಳವಾಡಿ ಬೆಟ್ಟದ ಸೀಮೆಯಲ್ಲಿ ಮಣ್ಣು ನಂಬಿದ ಯಾರ ಬಾಯಲ್ಲಾದರೂ ಈ ಗಾದೆ ಒಪ್ಪುತ್ತದೆ. ಎಲೆಕೋಸಿಗೆ ಬೆಲೆ ಬಂದಾಗ ಹೊಲದಲ್ಲಿ ಬೆಳೆ ಇರುವುದಿಲ್ಲ, ಬೆಳೆ ಬಂದಾಗ ಬೆಲೆ ಇರುವುದಿಲ್ಲ, ಎರಡೂ ಕೂಡಿ ಬಂದರೆ ರಾತ್ರಿ ಆನೆ ಬರುತ್ತದೆ. ಇಷ್ಟನ್ನೂ ನಾಲ್ಕು ಪದದಲ್ಲಿ ಹೇಳಿ ಮುಗಿಸಿ ಅವರು ಎಲೆಅಡಿಕೆಗೆ ಕೈ ಹಾಕಿದರು.

ಅವರ ಮೊಮ್ಮಗಳು ಅಲ್ಲೇ ನೋಟ್‌ಬುಕ್ ಹರಡಿಕೊಂಡು ಗುಣಾಕಾರದ ಲೆಕ್ಕ ಮಾಡುತ್ತಿದ್ದಳು. ಮೇಷ್ಟ್ರ ಚಾಳಿ ಸುಮ್ಮನಿರುತ್ತದೆಯೇ? 'ಆರು ಒಂದನ್ನು ಸಾಲಾಗಿ ಬರಿ. ಅದನ್ನು ಅದರಿಂದಲೇ ಗುಣಿಸು. ಮೊಬೈಲು ಮುಟ್ಟಬೇಡ' ಎಂದೆ. 'ಒಂದ್ರ ಮಗ್ಗಿ ತಾನೆ' ಎಂದು ಮೂಗು ಮುರಿದು ಹುಡುಗಿ ಬರೆಯತೊಡಗಿದಳು. 111111 ಕೆಳಗೆ ಮತ್ತೆ 111111, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದು, ಆರು ಸಾಲಿನ ಮೆಟ್ಟಿಲಾಯಿತು. ಆಮೇಲೆ ಬಲಗಡೆಯಿಂದ ಕೂಡುತ್ತ ಬಂದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿ ಪೆನ್ಸಿಲು ಕೊಂಚ ತಡೆಯಿತು. ಮತ್ತೆ ಐದು, ನಾಲ್ಕು, ಮೂರು, ಎರಡು, ಒಂದು.

12345654321.

'ತಾತ, ಇದು ಆರಕ್ಕೂ ಏರ್ತು, ಮೂರಕ್ಕೂ ಇಳೀತು!' ಎಂದು ಕೂಗಿದಳು. ಹಿರಿಯರು ನೋಟ್‌ಬುಕ್ಕನ್ನು ಕಣ್ಣಿಂದ ದೂರ ಹಿಡಿದು ನೋಡಿ, 'ಒಂದ್ಕೂ ಇಳಿದದ ಕನ ಮೊಗ' ಎಂದರು.

ಓದುವುದಾದರೆ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸರ್ಕಾರದ ಬಜೆಟ್ಟಿನಲ್ಲಿ ಇದಕ್ಕಿಂತ ದೊಡ್ಡ ಮೊತ್ತಗಳು ಒಂದೊಂದು ಸಾಲಿನಲ್ಲಿ ಹೋಗಿಬಿಡುತ್ತವೆ. ನಾವು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಸಂಖ್ಯೆಯನ್ನು ಮಾತ್ರ ಸುಮಾರು ಸಾವಿರದ ನೂರ ಎಪ್ಪತ್ತು ವರ್ಷಗಳ ಹಿಂದೆ ಒಬ್ಬರು ನಿಂತು ನೋಡಿದರು, ನೋಡಿದ್ದನ್ನು ಬರೆದಿಟ್ಟರು.

ಅವರು ಮಹಾವೀರಾಚಾರ್ಯರು. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞ. ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ ಮೊದಲಲ್ಲೇ ಆ ದೊರೆಯನ್ನು ಕೊಂಡಾಡುತ್ತಾರೆ. ಲೆಕ್ಕ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಮಾಡುವಾಗ ವೈದ್ಯ, ವಾಸ್ತು, ಸಂಗೀತ, ನಾಟಕಗಳ ಜೊತೆ ಅಡುಗೆಯನ್ನೂ ಮರೆಯದೆ ಸೇರಿಸುತ್ತಾರೆ. ಗುಣಾಕಾರ ಕಲಿಸುವ ಭಾಗದಲ್ಲಿ ಅವರು ಶಿಷ್ಯರಿಗೆ ಕೊಡುವ ಲೆಕ್ಕಗಳು ನೋಡಲು ಒರಟು. 27994681ನ್ನು 441ರಿಂದ ಗುಣಿಸು ಎನ್ನುತ್ತಾರೆ. ಬೆವರು ಸುರಿಸಿ ಗುಣಿಸಿದವನಿಗೆ ಕೊನೆಗೆ ಸಿಗುವುದು ಒಂದರಿಂದ ಆರರವರೆಗೆ ಏರಿ ಮತ್ತೆ ಒಂದೊಂದೇ ಇಳಿಯುವ ಈ ಸಂಖ್ಯೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗೆ ಒಂದು, ನಡುವೆಲ್ಲ ಸೊನ್ನೆ. ಇಂಥ ಉತ್ತರಗಳನ್ನು ಅವರು ಕೊರಳ ಆಭರಣಕ್ಕೆ ಹೋಲಿಸುತ್ತಾರೆ. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ ಆಗಿರುವ ಹಾರ.

ಆಚಾರ್ಯರ ಜಾಣತನ ಇಲ್ಲಿದೆ. ಹಾರವನ್ನು ಮೊದಲೇ ತೋರಿಸಿಬಿಟ್ಟಿದ್ದರೆ ಹುಡುಗರು ನೋಡಿ ಮರೆಯುತ್ತಿದ್ದರು. 27994681ರಲ್ಲಿ ಚೆಲುವೆನ್ನುವುದು ಹುಡುಕಿದರೂ ಸಿಗದು. 441ರಲ್ಲೂ ಅಷ್ಟೇ. ಎರಡನ್ನೂ ಕೂರಿಸಿ ದುಡಿಸಿದಾಗಲೇ ಒಳಗಿದ್ದದ್ದು ಹೊರಗೆ ಬಂತು. ನೋಡಿದ ಕೂಡಲೇ ಇಷ್ಟವಾಗದ ಮನುಷ್ಯರ ಬಗ್ಗೆ ನಾವು ಎಷ್ಟು ಬೇಗ ತೀರ್ಪು ಕೊಟ್ಟುಬಿಡುತ್ತೇವೆ! ಅವರು ಯಾರ ಜೊತೆ ಕೂಡಿದರೆ ಏನಾಗಬಹುದು ಎಂದು ಕಾಯುವ ತಾಳ್ಮೆ ನಮಗಿಲ್ಲ.

ಈ ಹಾರವನ್ನು ಬಿಚ್ಚಿ ಮಣಿಗಳನ್ನು ಎಣಿಸಬಹುದು. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ನಮ್ಮ ಸಂಖ್ಯೆ ಅದರ ವರ್ಗವಾದ್ದರಿಂದ ಅದರೊಳಗೆ ಈ ಐದೂ ಎರಡೆರಡು ಸಲ ಇವೆ. ಆಚಾರ್ಯರು ಮಾಡಿದ್ದು ಇಷ್ಟೇ: 3 ಮತ್ತು 7ರ ಜೋಡಿಗಳನ್ನು ಒಂದು ಕಡೆ ಕಟ್ಟಿದರು, 441 ಆಯಿತು, ಉಳಿದ 11, 13, 37ರ ಜೋಡಿಗಳನ್ನು ಇನ್ನೊಂದು ಕಡೆ ಕಟ್ಟಿದರು, 27994681 ಆಯಿತು. ಸಾವಿರ ಕೋಟಿ ದಾಟಿದ ಸಂಖ್ಯೆಯನ್ನು ಒಡೆದು ನೋಡಿದರೆ ಒಳಗೆ ಇರುವುದು ಮಗ್ಗಿ ಪುಸ್ತಕದಲ್ಲಿ ಸಿಗುವ ಸಣ್ಣ ಸಣ್ಣ ಸಂಖ್ಯೆಗಳು. ದೊಡ್ಡದೆಲ್ಲವನ್ನೂ ಹೊತ್ತಿರುವುದು ಇಂಥ ಸಣ್ಣವೇ. ದೊಡ್ಡ ಊರಿನ ಮಾರುಕಟ್ಟೆಯಲ್ಲಿ ಬೆಟ್ಟದಂತೆ ಬಿದ್ದ ಕೋಸಿನ ರಾಶಿಯನ್ನು ಹಿಂದಕ್ಕೆ ಬಿಚ್ಚುತ್ತ ಹೋದರೆ ಕೊನೆಗೆ ಸಿಗುವುದೂ ಇಂಥದೇ ಒಂದು ಜಗಲಿ, ಒಂದು ಟವೆಲು, ಒಂದು ಜೊತೆ ಕೈ.

ಈಗ ಆ ಆರರ ಹತ್ತಿರ ಬರೋಣ. ಹುಡುಗಿ ಆಮೇಲೆ ಏಳು ಒಂದು, ಎಂಟು ಒಂದು ಬರೆದು ಗುಣಿಸಿ ನೋಡಿದಳು. ಶಿಖರ ಏಳಕ್ಕೇರಿತು, ಎಂಟಕ್ಕೇರಿತು. ಒಂಬತ್ತು ಒಂದುಗಳಿಗೆ 12345678987654321 ಬಂತು. 'ಹತ್ತು ಬರೀಲಾ?' ಎಂದಳು. ಬರಿ ಎಂದೆ. ನಡುಮನೆಯಲ್ಲಿ ಹತ್ತು ಒಂದು ಕೂಡಿದವು. ಹತ್ತನ್ನು ಒಂದೇ ಮನೆಯಲ್ಲಿ ಬರೆಯಲು ಬರುವುದಿಲ್ಲ, ಸೊನ್ನೆ ಬರೆದು ಕೈಯಲ್ಲಿ ಉಳಿದ ಒಂದನ್ನು ಪಕ್ಕಕ್ಕೆ ದಾಟಿಸಬೇಕು. ಆ ಒಂದು ಪಕ್ಕದ ಒಂಬತ್ತನ್ನು ಹತ್ತು ಮಾಡಿತು, ಅಲ್ಲಿಯೂ ಸೊನ್ನೆ, ಮತ್ತೆ ಒಂದು ಮುಂದಕ್ಕೆ. ಬಂದ ಉತ್ತರ 1234567900987654321. ಹತ್ತುವಾಗ ಎಂಟು ಕಾಣೆ. ನೆತ್ತಿಯ ಮೇಲೆ ಎರಡು ಹಳ್ಳ. ಇಳಿಯುವ ಕಡೆ ಮಾತ್ರ ಎಲ್ಲ ಮೆಟ್ಟಿಲೂ ನೆಟ್ಟಗಿವೆ. ಲೆಕ್ಕ ತಪ್ಪಿಲ್ಲ, ಹಾರ ಮಾತ್ರ ಹರಿದಿದೆ. ಅತಿಯಾದದ್ದು ತನ್ನನ್ನು ಮಾತ್ರ ಕೆಡಿಸಿಕೊಂಡು ಸುಮ್ಮನಾಗುವುದಿಲ್ಲ. ತನ್ನ ಭಾರವನ್ನು ಪಕ್ಕದ ಮನೆಗೂ ದಾಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಒಂಬತ್ತರವರೆಗೆ ದಾರಿ ತೆರೆದಿದ್ದರೂ ಆಚಾರ್ಯರ ಈ ಹಾರ ಆರಕ್ಕೇ ತಿರುಗಿಬಿಟ್ಟಿದೆ. ಇನ್ನೂ ಮೂರು ಮೆಟ್ಟಿಲು ಕೈಗೆ ಎಟಕುವಂತಿದ್ದಾಗ ತಿರುಗುವುದು ನನಗೆ ತುಂಬ ಇಷ್ಟವಾದ ಸಂಗತಿ. ಜೈನ ಗೃಹಸ್ಥರಿಗೆ ಒಂದು ವ್ರತವಿದೆ, ಪರಿಗ್ರಹ ಪರಿಮಾಣ ಎಂದು. ಮುನಿಗಳಂತೆ ಎಲ್ಲವನ್ನೂ ಬಿಡು ಎಂದು ಅದು ಹೇಳುವುದಿಲ್ಲ. ಇಷ್ಟು ಹೊಲ, ಇಷ್ಟು ಹೊನ್ನು, ಇಷ್ಟು ಸಾಕು ಎಂದು ನಿನ್ನ ಅಳತೆಯನ್ನು ನೀನೇ ಗೊತ್ತುಮಾಡಿಕೋ ಎನ್ನುತ್ತದೆ. ಪರಿಮಾಣ ಎಂಬುದು ಲೆಕ್ಕದ ಮಾತೇ. ಧರ್ಮವನ್ನು ಅಳತೆಯ ಭಾಷೆಯಲ್ಲಿ ಹೇಳಿದ ಪರಂಪರೆಯಲ್ಲಿ ಅಳತೆಯ ಮೇಷ್ಟ್ರೊಬ್ಬರು ಕಟ್ಟಿದ ಹಾರ ಇದು. ಬೀಳುವ ತುದಿಯವರೆಗೆ ಹೋಗಿ ಹಿಂದಿರುಗುವವನನ್ನು ಜನ ಸಾಹಸಿ ಎನ್ನುತ್ತಾರೆ. ದಾರಿ ಇನ್ನೂ ಇರುವಾಗಲೇ 'ಇಷ್ಟು ಸಾಕು' ಎಂದು ತಿರುಗುವವನಿಗೆ ನಾವು ಹೆಸರೇ ಇಟ್ಟಿಲ್ಲ.

ಈ ಹಾರದ ಎಡತುದಿಯ ಒಂದು ನಿಂತಿರುವುದು ಹನ್ನೊಂದನೆಯ ಸ್ಥಾನದಲ್ಲಿ. ಮಹಾವೀರಾಚಾರ್ಯರು ಏಕ, ದಶ, ಶತ ಎಂದು ಶುರುಮಾಡಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಹನ್ನೊಂದನೆಯದರ ಹೆಸರು ಅರ್ಬುದ. ಈ ಪದ ಕೇಳಿದರೆ ಇಂದಿನ ಕನ್ನಡಿಗರು ಬೆಚ್ಚುತ್ತಾರೆ. ಅರ್ಬುದವೆಂದರೆ ನಮಗೆ ಗಡ್ಡೆ, ಕ್ಯಾನ್ಸರ್. ಬೆಟ್ಟಕ್ಕೂ ಅದೇ ಹೆಸರಿದೆ. ರಾಜಸ್ಥಾನದ ಅಬು ಬೆಟ್ಟ ಹಳಬರಿಗೆ ಅರ್ಬುದಾಚಲ. ಸಂಖ್ಯೆ, ಬೆಟ್ಟ, ಗಡ್ಡೆ, ಮೂರಕ್ಕೂ ಒಂದೇ ಮಾತು. ಮೂರೂ ಉಬ್ಬಿದವೇ. ಬೆಟ್ಟ ಉಬ್ಬುತ್ತದೆ, ಒಂದು ಕಡೆ ಸಾಕೆಂದು ನಿಂತು ಆಚೆ ಬದಿಗೆ ಇಳಿಯುತ್ತದೆ. ಅದರ ಇಳಿಜಾರಿನಲ್ಲಿ ನೀರು ಹರಿಯುತ್ತದೆ, ಜನ ರಾಗಿ ಬಿತ್ತುತ್ತಾರೆ. ಗಡ್ಡೆಗೆ ನಿಲ್ಲುವುದು ಗೊತ್ತಿಲ್ಲ, ಇಳಿಯುವುದು ಗೊತ್ತಿಲ್ಲ, ಬೆಳೆಯುವುದೊಂದೇ ಗೊತ್ತು. ನಮ್ಮ ಆಸ್ತಿ, ಅಧಿಕಾರ, ಹೆಸರು ಈ ಎರಡು ಅರ್ಬುದಗಳಲ್ಲಿ ಯಾವುದು ಎಂದು ಕೇಳಿಕೊಳ್ಳಲು ಕಷ್ಟವಾಗಬಾರದು: ಅದಕ್ಕೆ ಇಳಿಜಾರು ಇದೆಯೇ, ಅಲ್ಲಿ ಬೇರೆ ಯಾರಾದರೂ ಬಿತ್ತಿ ಬೆಳೆಯಬಹುದೇ?

ಇಳಿಯುವುದನ್ನು ನಾವು ಸೋಲೆಂದೇ ಎಣಿಸುತ್ತೇವೆ. ಆಚಾರ್ಯರು ಕೊಂಡಾಡಿದ ಅಮೋಘವರ್ಷ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದವನು. ಅವನ ಹೆಸರಿನಲ್ಲಿರುವ 'ಪ್ರಶ್ನೋತ್ತರ ರತ್ನಮಾಲಿಕೆ' ಅವನು ವಿವೇಕದಿಂದ ರಾಜ್ಯವನ್ನು ಬಿಟ್ಟನೆಂದು ಹೇಳುತ್ತದೆ. ಏರಿದ ದೊರೆಗಳ ಹೆಸರು ಚರಿತ್ರೆಯಲ್ಲಿ ರಾಶಿ ಇದೆ. ತಾನಾಗಿ ಇಳಿದವರನ್ನು ಬೆರಳಲ್ಲಿ ಎಣಿಸಬಹುದು. ಏರಿದವರು ಎಡವುವುದೂ ಉಂಟು, ಆಚಾರ್ಯರೂ ಒಂದು ಕಡೆ ಎಡವಿದರು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು. ಆ ಮಾತು ನಿಲ್ಲಲಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಕಂಡ ಕಣ್ಣಿಗೂ ಒಂದು ಸೊನ್ನೆ ತಪ್ಪಿಸಿಕೊಂಡಿತು. ಇದರಿಂದ ಅವರ ಮೇಲಿನ ಗೌರವವೇನೂ ನನಗೆ ಕಡಿಮೆಯಾಗಿಲ್ಲ. ನೆತ್ತಿಯ ಮೇಲಿದ್ದವರೂ ಮನುಷ್ಯರೇ ಎಂಬ ಸಮಾಧಾನ ಬಂದಿದೆ.

ಇಳಿದು ಇಳಿದು ಕೊನೆಗೆ ಉಳಿದ ಆ ಒಂದನ್ನು ನೋಡಿ. ಎಡತುದಿಯ ಒಂದಕ್ಕೂ ಬಲತುದಿಯ ಒಂದಕ್ಕೂ ಆಕಾರ ಒಂದೇ. ಸ್ಥಾನದ ಬೆಲೆ ನೋಡಿದರೆ ಅದು ಸಾವಿರ ಕೋಟಿ, ಇದು ಬರಿಯ ಒಂದು. ಸಾವಿರದ ಇನ್ನೂರು ಕೋಟಿಯ ಲೆಕ್ಕದಲ್ಲಿ ಒಂದು ರೂಪಾಯಿ ಹೋದರೆ ಯಾರು ಕೇಳುತ್ತಾರೆ? ತೆಗೆದುಬಿಡೋಣ. 12345654320. ಹಾರ ಹರಿಯಿತು, ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೂ ದೊಡ್ಡದು. ಅದು ಈಗ ಯಾವ ಸಂಖ್ಯೆಯ ವರ್ಗವೂ ಅಲ್ಲ. 3 ಅದನ್ನು ಭಾಗಿಸದು, 7 ಭಾಗಿಸದು, 11, 13, 37 ಯಾವುದೂ ಭಾಗಿಸದು. ಒಳಗೆ ಕೂತಿದ್ದ ಐದು ಮಂದಿಯೂ ಒಟ್ಟಿಗೆ ಎದ್ದು ಹೋದರು. ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟರೆ ಸಮಾನವಾದ ಭಾಜಕವೇ ಇರುವುದಿಲ್ಲವೆಂಬುದು ಗಣಿತದ ನಿಯಮ. ಕೊನೆಯ ಮನೆಯ ಬೆಲೆಯಿಲ್ಲದ ಒಂದನ್ನು ಕಳೆದರೆ ಸಾಲಿನ ಗುಣವೇ ಬದಲಾಗಿಬಿಡುತ್ತದೆ.

ಇಲ್ಲಿ ಕೂತು ಇದನ್ನು ಯೋಚಿಸುವಾಗ ಪಣಕಹಳ್ಳಿಯೇ ಅಂಥದೊಂದು ತುದಿಮನೆ ಎನಿಸುತ್ತದೆ. ಅಮೋಘವರ್ಷನ ಆಸ್ಥಾನದಲ್ಲೇ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು. ಈ ಸೀಮೆ ಇರುವುದು ಕಾವೇರಿಯ ದಕ್ಷಿಣಕ್ಕೆ, ಆ ಗೆರೆಯ ಆಚೆ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಅದುವರೆಗೆ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿ ಉಳಿಯಿತು. ಹಳೆಯ ಗೆರೆಗೂ ಹೊರಗೆ, ಹೊಸ ಗೆರೆಗೂ ಹೊರಗೆ. ಆದರೂ ಜಗಲಿಯ ಮೇಲೆ ಕನ್ನಡದ ಗಾದೆ ಬಿಸಿಬಿಸಿಯಾಗಿಯೇ ಇದೆ. ಇನ್ನೊಂದು ಮಾತು. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದ್ದು 1912ರಲ್ಲಿ, ಮದರಾಸಿನಲ್ಲಿ. ಅದಕ್ಕೆ ಒದಗಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಕನ್ನಡದ ಅರಸನ ಕಾಲದ ಲೆಕ್ಕ, ಸಂಸ್ಕೃತದ ಮಾತಿನಲ್ಲಿ, ಕನ್ನಡದ ಅಕ್ಷರದಲ್ಲಿ ಉಳಿದು, ತಮಿಳರ ಪಟ್ಟಣದಲ್ಲಿ ಅಚ್ಚಾಗಿ ಲೋಕಕ್ಕೆ ಸಿಕ್ಕಿತು. ಹಾರ ಎಷ್ಟು ಕೈ ದಾಟಿ ಬಂದಿದೆ ನೋಡಿ.

ಈ ಹನ್ನೊಂದು ಅಂಕಿಗಳನ್ನು ಕೂಡಿದರೆ 36 ಬರುತ್ತದೆ. ಇದು ಸುಮ್ಮನೆ ಬಂದ ಮೊತ್ತವಲ್ಲ. ಕಿರಿದಾದ ಓಣಿಯಲ್ಲಿ ಆರು ಮಕ್ಕಳ ಒಂದು ಸಾಲು ಈ ಕಡೆಯಿಂದ, ಆರು ಮಕ್ಕಳ ಇನ್ನೊಂದು ಸಾಲು ಆ ಕಡೆಯಿಂದ ಬರುತ್ತಿದೆ ಎಂದುಕೊಳ್ಳಿ. ಈ ಸಾಲು ಕನ್ನಡ ಮಾಧ್ಯಮದ ಮಕ್ಕಳದು, ಆ ಸಾಲು ತಮಿಳು ಮಾಧ್ಯಮದ ಮಕ್ಕಳದು. ಮೊದಲ ಹೆಜ್ಜೆಗೆ ಮುಂದಿನ ಇಬ್ಬರು ಮಾತ್ರ ಎದುರುಬದುರು, ಒಂದು ಜೋಡಿ. ಇನ್ನೊಂದು ಹೆಜ್ಜೆ ಸರಿದರೆ ಎರಡು ಜೋಡಿ. ಹಾಗೇ ಮೂರು, ನಾಲ್ಕು, ಐದು. ಎರಡೂ ಸಾಲು ಪೂರ್ತಿ ಅಕ್ಕಪಕ್ಕ ಬಂದಾಗ ಆರು ಜೋಡಿ. ಆಮೇಲೆ ಸಾಲುಗಳು ಬಿಡುತ್ತ ಹೋಗುತ್ತವೆ. ಐದು, ನಾಲ್ಕು, ಮೂರು, ಎರಡು, ಕೊನೆಗೆ ಬಾಲದ ಇಬ್ಬರು ಎದುರಾಗಿ ಒಂದು. ಹುಡುಗಿ ನೋಟ್‌ಬುಕ್ಕಿನಲ್ಲಿ ಮಾಡಿದ ಗುಣಾಕಾರ ನಿಜವಾಗಿ ಇದೇ. ಪ್ರತಿ ಮನೆಯಲ್ಲೂ ಎಷ್ಟು ಒಂದುಗಳು ಕೂಡಿದವು ಎಂದರೆ, ಆ ಹೆಜ್ಜೆಗೆ ಎಷ್ಟು ಜೋಡಿ ಮುಖಾಮುಖಿಯಾದವು ಎಂದರ್ಥ. ಎಲ್ಲ ಹೆಜ್ಜೆಗಳನ್ನೂ ಕೂಡಿದರೆ ಆರಾರಲ ಮೂವತ್ತಾರು. ಈ ಸಾಲಿನ ಪ್ರತಿಯೊಂದು ಮಗುವೂ ಆ ಸಾಲಿನ ಪ್ರತಿಯೊಂದು ಮಗುವಿನ ಮುಖ ನೋಡಿದೆ. ಒಂದನ್ನೂ ಬಿಟ್ಟಿಲ್ಲ.

ಅಂದಮೇಲೆ ಇಳಿಯುವ ಆ ಐದು, ನಾಲ್ಕು, ಮೂರು ಬರಿಯ ಕುಗ್ಗುವಿಕೆಯಲ್ಲ. ಆರು ಜೋಡಿ ಆದ ಕ್ಷಣದಲ್ಲೇ ಸಾಕೆಂದು ಆಟ ನಿಲ್ಲಿಸಿದ್ದರೆ ಭೇಟಿಗಳು ಇಪ್ಪತ್ತೊಂದಕ್ಕೇ ಮುಗಿಯುತ್ತಿದ್ದವು. ಉಳಿದ ಹದಿನೈದು ಭೇಟಿಗಳು ಆಗುವುದು ಇಳಿಯುವ ದಾರಿಯಲ್ಲಿ ಮಾತ್ರ. ಮೇಲೇರುವ ಭರದಲ್ಲಿ ಯಾರನ್ನು ನೋಡದೆ ದಾಟಿದ್ದೆವೋ ಅವರೂ ಅಲ್ಲಿರಬಹುದು. ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ಗೆಳೆಯರನ್ನು ಲೆಕ್ಕ ಹಾಕಿದರೆ ಈ ಮಾತು ನಿಜವೆನಿಸುತ್ತದೆ. ಪಣಕಹಳ್ಳಿಯ ಈ ಜಗಲಿಯೂ ನನಗೆ ಇಳಿಯುವಾಗ ಸಿಕ್ಕಿದ್ದೇ.

ಇದನ್ನೆಲ್ಲ ಹಿರಿಯರಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, 'ಈ ಲೆಕ್ಕದಿಂದ ಕೋಸಿಗೆ ರೇಟು ಬಂದದಾ ಮೇಷ್ಟ್ರೆ?' ಎಂದು ನಕ್ಕರು. ಬರುವುದಿಲ್ಲ ಎಂದೆ. ಅವರು ನೋಟ್‌ಬುಕ್ಕನ್ನು ಎಳೆದುಕೊಂಡು, ಮಣ್ಣು ಹತ್ತಿದ ಬೆರಳನ್ನು ಮೊದಲ ಒಂದರ ಮೇಲಿಟ್ಟು ನಿಧಾನವಾಗಿ ಸರಿಸಿದರು. ಆರರ ಹತ್ತಿರ ನಿಂತರು. 'ಇದೇ ಅಲ್ವಾ ದಿಂಬಂ?'

ಹೌದು. ಬಣ್ಣಾರಿಯಿಂದ 27 ಹೇರ್‌ಪಿನ್ ತಿರುವು ಹತ್ತಿದ ಮೇಲೆ ಸಿಗುವ ನೆತ್ತಿ. ಹಿಂದೆ ಕೋಸಿನ ಲಾರಿಯ ಜೊತೆ ಆ ಘಾಟಿಯಲ್ಲಿ ಎಷ್ಟೋ ಸಲ ಓಡಾಡಿದವರು ಅವರು. ಡ್ರೈವರುಗಳಿಂದ ಕಲಿತ ಎರಡು ಮಾತು ಹೇಳಿದರು. ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಇಳಿಜಾರೆಂದು ಗಾಡಿಯನ್ನು ಅದರ ಪಾಡಿಗೆ ಬಿಡಬೇಡ. ಇನ್ನೊಂದು, ಎದುರಿಂದ ಹತ್ತಿ ಬರುವ ಗಾಡಿ ಕಂಡರೆ ಓರೆಗೆ ನಿಲ್ಲಿಸಿ ದಾರಿ ಕೊಡು. ಎರಡನೆಯದು ರಸ್ತೆ ನಿಯಮದ ಪುಸ್ತಕದಲ್ಲೂ ಇದೆ. ಬೆಟ್ಟದ ದಾರಿಯಲ್ಲಿ ಹತ್ತುವವರಿಗೆ ಮೊದಲ ಹಕ್ಕು.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಜಗಲಿಯ ಒಂದೇ ಬಲ್ಬಿನ ಬೆಳಕು ಹಿರಿಯರು ಕೂತ ಜಾಗಕ್ಕೆ ಮಾತ್ರ ಚೆನ್ನಾಗಿ ಬೀಳುತ್ತಿತ್ತು. ಅವರು ಗೋಡೆಯ ಕಡೆಗೆ ಸರಿದು ಕೂತು, ಟವೆಲಿನಿಂದ ನೆಲ ಒರೆಸಿದರು.

'ಬಾ ಮೊಗ, ಇಲ್ಲಿ ಬೆಳಕದ. ಕೂತ್ಕೊಂಡು ಮುಂದಿನ ಲೆಕ್ಕ ಮಾಡು.'